ಹಾಳೆ ತಟ್ಟೆಯ ಸುತ್ತಮುತ್ತ: ಕೆಲವು ಟಿಪ್ಪಣಿಗಳು

1. ಬಿದ್ದ ಹಾಳೆ

ಅಡಿಕೆ ಮರ ವರ್ಷಕ್ಕೆ ಐದರಿಂದ ಏಳು ಹಾಳೆ ಬೀಳಿಸುತ್ತದೆ. ಅದಕ್ಕಾಗಿ ಮರ ಹತ್ತಬೇಕಾಗಿಲ್ಲ, ಕತ್ತಿ ಹಿಡಿಯಬೇಕಾಗಿಲ್ಲ. ಸೋಗೆ ಒಣಗಿ, ಕಾಂಡವನ್ನು ಸುತ್ತಿಕೊಂಡಿದ್ದ ಅದರ ಅಗಲವಾದ ಬುಡ, ಎಂದರೆ ಹಾಳೆ, ಸಡಿಲಾಗಿ, ಒಂದು ದಿನ ತಾನೇ ಕಳಚಿಕೊಳ್ಳುತ್ತದೆ. ಎಕರೆಗೆ 550 ಮರ ಎಂದು ಹಿಡಿದರೂ ವರ್ಷಕ್ಕೆ ಸುಮಾರು 3,000 ಹಾಳೆ ತೋಟದಲ್ಲಿ ಬಿದ್ದಿರುತ್ತವೆ.

ದಕ್ಷಿಣ ಕನ್ನಡದ ಮನೆಗಳಲ್ಲಿ ಹಾಳೆ ಎಂದೂ ಕಸವಾಗಿರಲಿಲ್ಲ. ಎಳೆ ಮಗುವನ್ನು ಮೀಯಿಸುತ್ತಿದ್ದುದು ಹಾಳೆಯ ಮೇಲೆ. ತೋಟದ ಕೆಲಸಕ್ಕೆ ಹೊರಟವರ ತಲೆಗೆ ಹಾಳೆಯ ಮುಟ್ಟಾಳೆ, ಸೆಕೆಗೆ ಹಾಳೆಯ ಬೀಸಣಿಗೆ, ಹಟ್ಟಿಯ ದನಕ್ಕೆ ಹಸಿ ಹಾಳೆಯ ಮೇವು. ಇಷ್ಟೆಲ್ಲ ಆಗಿ ಉಳಿದದ್ದು ಮರದ ಬುಡಕ್ಕೆ ಹೋಗಿ ಮಣ್ಣಾಗುತ್ತಿತ್ತು.

ಪುತ್ತೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಇದೇ ಹಾಳೆಯಿಂದ ಊಟದ ತಟ್ಟೆ ಮಾಡುವ ಸಣ್ಣ ಘಟಕವಿದೆ. ನಡೆಸುವವರು ಒಬ್ಬ ಹೆಣ್ಣುಮಗಳು, ಜೊತೆಗೆ ಅಕ್ಕಪಕ್ಕದ ಮನೆಗಳ ನಾಲ್ಕಾರು ಹೆಂಗಸರು. ಪರಿಸರಕ್ಕೆ ಹಾನಿಯಾಗದ ವ್ಯಾಪಾರ ಮಾಡಬೇಕು ಎಂಬ ಹಟದಿಂದಲೇ ಶುರುಮಾಡಿದ ಕೆಲಸ ಇದು. ಅವರ ಘಟಕಕ್ಕೆ ಹೋಗಿ ಬಂದು ಮಾಡುತ್ತಿರುವಾಗ ನನ್ನಲ್ಲಿ ಎದ್ದ ಪ್ರಶ್ನೆಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ. ನೋಡನೋಡುತ್ತ ಪ್ರಶ್ನೆಗಳು ಹೆಚ್ಚಾದವೇ ಹೊರತು ಕಡಿಮೆಯಾಗಲಿಲ್ಲ.

2. ತಟ್ಟೆ ಆಗುವ ಬಗೆ

ವಿಧಾನ ಸರಳ. ಒಣಗಿದ ಹಾಳೆಯನ್ನು ನೀರಿನಲ್ಲಿ ನೆನೆಹಾಕಿ ಮೆದು ಮಾಡುತ್ತಾರೆ. ಬ್ರಷ್ ಹಿಡಿದು ಎರಡೂ ಬದಿ ತಿಕ್ಕಿ ತೊಳೆಯುತ್ತಾರೆ. ನೀರು ಬಸಿಯಲು ಸಾಲಾಗಿ ನಿಲ್ಲಿಸುತ್ತಾರೆ. ಆಮೇಲೆ ಕಾದ ಡೈಗಳ ನಡುವೆ ಇಟ್ಟು ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಒತ್ತುತ್ತಾರೆ. ಬುಸ್ಸೆಂದು ಹಬೆ ಏಳುತ್ತದೆ. ಡೈ ಮೇಲೆದ್ದಾಗ ತಟ್ಟೆ ಸಿದ್ಧ. ಅಂಟು ಇಲ್ಲ, ಬಣ್ಣ ಇಲ್ಲ, ಮೇಣದ ಲೇಪ ಇಲ್ಲ. ದೊಡ್ಡ ಹಾಳೆಯಾದರೆ ಒಂದು ಊಟದ ತಟ್ಟೆ, ಉಳಿದ ಜಾಗದಲ್ಲಿ ಒಂದೆರಡು ಬಟ್ಟಲು.

ಸರಳವೆಂದು ಸುಲಭವಲ್ಲ. ಡೈಗೆ ಶಾಖ ಕೊಡುವುದು ಕರೆಂಟು. ಹಳ್ಳಿಯ ಲೈನಿನಲ್ಲಿ ಸಂಜೆ ಪಂಪುಗಳು ಓಡತೊಡಗಿದರೆ ವೋಲ್ಟೇಜು ಇಳಿಯುತ್ತದೆ. ಡೈ ಸರಿಯಾಗಿ ಕಾಯದಿದ್ದರೆ ಹಾಳೆಯಲ್ಲಿ ತೇವ ಉಳಿಯುತ್ತದೆ, ತೇವ ಉಳಿದ ತಟ್ಟೆಗೆ ನಾಲ್ಕು ದಿನದಲ್ಲಿ ಬೂಷ್ಟು ಹಿಡಿಯುತ್ತದೆ. ಹೆಚ್ಚು ಕಾದರೆ ಹಾಳೆ ಕಂದಿ ಬಿರಿಯುತ್ತದೆ. ಈ ಎರಡರ ನಡುವಿನ ಹದ ಗೊತ್ತಿರುವುದು ಪ್ರೆಸ್ಸಿನ ಮುಂದೆ ನಿಂತವಳ ಕೈಗೆ ಮಾತ್ರ. ಹಬೆಯ ವಾಸನೆ ಬದಲಾದದ್ದನ್ನು ಗಮನಿಸಿ ಸ್ವಿಚ್ಚು ಆರಿಸುವ ಹೆಂಗಸೊಬ್ಬರು ಅಲ್ಲಿದ್ದಾರೆ. ಆ ಜ್ಞಾನಕ್ಕೆ ಯಾವ ಯೋಜನಾ ವರದಿಯಲ್ಲೂ ಕಾಲಂ ಇಲ್ಲ.

3. ಮಳೆ

ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರು. ಡಿಸೆಂಬರಿನಿಂದ ಮೇ ತನಕ ಆರಿಸಿ ಒಣಗಿಸಿಟ್ಟ ಹಾಳೆಯೇ ವರ್ಷವಿಡೀ ಬೇಕಾಗುವ ಸರಕು. ಜೂನ್ ಬಂತೆಂದರೆ ತೋಟದಲ್ಲಿ ಬಿದ್ದದ್ದು ಬಿದ್ದಲ್ಲೇ ಕೊಳೆಯುತ್ತದೆ, ಗೋಡೌನಿನಲ್ಲಿ ಇಟ್ಟದ್ದಕ್ಕೆ ಗಾಳಿಯ ತೇವ ಅಂಟುತ್ತದೆ.

ಬಿಸಿಲಿಗೆ ಬದಲಾಗಿ ಸೌದೆಯ ಒಲೆ ಹಚ್ಚಿ ಒಣಗಿಸಬಹುದಿತ್ತು. ಬಿದ್ದ ಹಾಳೆಯನ್ನು ಒಣಗಿಸಲು ನಿಂತ ಮರವನ್ನು ಸುಡುವುದು ಸರಿಯಲ್ಲ ಎಂದು ಒಡತಿ ಅದನ್ನು ಒಪ್ಪಲಿಲ್ಲ. ಅಡಿಕೆ ಒಣಗಿಸುವವರಂತೆ ಸೋಲಾರ್ ಗೂಡು ಕಟ್ಟಿಸಿದರು. ಕಮಾನಿನ ಮೇಲೆ ಪಾರದರ್ಶಕ ಹೊದಿಕೆ ಹಾಸಿದ ಗೂಡು. ಒಳಗೆ ಚೆನ್ನಾಗಿ ಬಿಸಿಯೇರುತ್ತಿತ್ತು. ಒಂದು ಮುಂಗಾರು ಪೂರ್ವದ ಗಾಳಿಮಳೆಗೆ ಹೊದಿಕೆ ಹರಿದು ಪಕ್ಕದ ತೋಟದ ಮೇಲೆ ಹಾರಿತು. ಆ ಹೊದಿಕೆಯೂ ಪಾಲಿಥಿನ್ನೇ. ಕೆಲವು ವರ್ಷಕ್ಕೊಮ್ಮೆ ಬಿಸಿಲಿಗೆ ಸವೆದು ಬದಲಿಸಲೇಬೇಕಾದದ್ದು.

ಪ್ಲಾಸ್ಟಿಕ್ ತಟ್ಟೆಯನ್ನು ಹಿಂದೆ ಸರಿಸಲು ಹೊರಟ ಘಟಕಕ್ಕೆ ಪ್ಲಾಸ್ಟಿಕ್ಕಿನದೇ ಮಾಡು ಬೇಕಾಯಿತು. ಇದನ್ನು ಸೋಲು ಎಂದು ಬರೆದುಕೊಳ್ಳಬೇಕೇ? ನನಗೆ ಹಾಗೆ ಅನ್ನಿಸುವುದಿಲ್ಲ. ವರ್ಷಗಟ್ಟಲೆ ಬಳಸುವ ಒಂದು ಹೊದಿಕೆ ಬೇರೆ, ಹತ್ತು ನಿಮಿಷ ಬಳಸಿ ಚರಂಡಿಗೆ ಎಸೆಯುವ ಸಾವಿರ ತಟ್ಟೆ ಬೇರೆ. ಆದರೂ ಆ ಹರಿದ ಹೊದಿಕೆ ಎಲ್ಲಿಗೆ ಹೋಯಿತು ಎಂದು ಕೇಳಿದೆ. ಮಡಚಿ ಸೌದೆಕೊಟ್ಟಿಗೆಯ ಅಟ್ಟದಲ್ಲಿ ಇಟ್ಟಿದ್ದರು. ಅದನ್ನು ಸರಿಯಾಗಿ ಕೊಂಡೊಯ್ಯುವ ವ್ಯವಸ್ಥೆ ಆ ಗ್ರಾಮದಲ್ಲಿ ಆಗ ಇರಲಿಲ್ಲ.

4. ಕಟ್ಟುವುದರಲ್ಲಿ ಎಂತಹ ಕಷ್ಟ

ತಟ್ಟೆಗಳನ್ನು ಮೊದಲು ಹಳೆಯ ವೃತ್ತಪತ್ರಿಕೆಯಲ್ಲಿ ಸುತ್ತಿದರು. ಮುದ್ರಣದ ಶಾಯಿ ಆಹಾರಕ್ಕೆ ತಾಗಬಾರದೆಂದು 2018ರ ಆಹಾರ ಪ್ಯಾಕೇಜಿಂಗ್ ನಿಯಮಗಳೇ ಹೇಳುತ್ತವೆ. ಗಿರಾಕಿಯೊಬ್ಬರು ಅದನ್ನು ನೆನಪಿಸಿ ಮಾಲು ಮರಳಿಸಿದರು. ಅವರು ಹೇಳಿದ್ದು ಸರಿಯೇ ಇತ್ತು. ಆಮೇಲೆ ಬಿಳಿಯ ಕಾಗದ. ಅದು ಜುಲೈ ತಿಂಗಳಿನಲ್ಲಿ ತೇವ ಹೀರಿ ತಟ್ಟೆಗೇ ದಾಟಿಸಿತು. ಬಟ್ಟೆಯ ಚೀಲ ಹೊಲಿಸಿ ನೋಡಿದರು. ಚೀಲಗಳು ಹೋದ ಮನೆಗಳಿಂದ ಹಿಂದೆ ಬರಲಿಲ್ಲ.

ಈಗಿನ ಏರ್ಪಾಡು ಹೀಗಿದೆ. ಬೇಸಿಗೆಯ ಮಾಲಿಗೆ ಹೊದಿಕೆಯೇ ಇಲ್ಲ, ಬಾಳೆನಾರಿನ ಕಟ್ಟು ಮಾತ್ರ. ಮಳೆಗಾಲದ ಮಾಲಿಗೆ ದಪ್ಪ ಪ್ಲಾಸ್ಟಿಕ್ ಕವರು. ಮುಂದಿನ ಸಲ ಮಾಲು ಕೊಡುವಾಗ ಆ ಕವರನ್ನು ಅಡುಗೆಯವರಿಂದ ಎಣಿಸಿ ವಾಪಸು ತೆಗೆದುಕೊಳ್ಳುತ್ತಾರೆ. ಕವರು ಕೊಡದಿದ್ದರೆ ಬಿಲ್ಲಿಗೆ ಸೇರಿಸುತ್ತಾರೆ.

ದೊಡ್ಡ ಕಂಪೆನಿಗಳು ವರದಿಗಳಲ್ಲಿ ವಿವರಿಸುವ ಮರುಬಳಕೆಯ ವ್ಯವಸ್ಥೆ ಇಲ್ಲಿ ಒಂದು ಲಾಂಗ್ ಬುಕ್ಕಿನ ಕೊನೆಯ ಪುಟದಲ್ಲಿ, ಪೆನ್ಸಿಲಿನಲ್ಲಿ, ನಡೆಯುತ್ತಿದೆ. ಊರಿನೊಳಗೆ ಮಾತ್ರ ನಡೆಯುತ್ತದೆ. ಬೆಂಗಳೂರಿಗೆ ಲಾರಿಯಲ್ಲಿ ಹೋದ ಕವರು ಹೋದದ್ದೇ.

5. ನೀರು ಮತ್ತು ಚೂರು

ಹಾಳೆ ತೊಳೆಯಲು ನೀರು ಬೇಕು. ನೆನೆಹಾಕಿದ ನೀರನ್ನೇ ಮರುದಿನವೂ ಬಳಸಿ ಉಳಿಸಲು ನೋಡಿದರು. ನೀರು ಹುಳಿವಾಸನೆ ಹಿಡಿದು ತಟ್ಟೆಗೂ ಅದು ಹತ್ತಿತು. ಈಗ ನಿತ್ಯ ಹೊಸ ನೀರು. ಹಳೆಯ ನೀರು ಕಾಲುವೆಯಲ್ಲಿ ತೋಟಕ್ಕೆ ಹೋಗುತ್ತದೆ. ನೀರಿನ ಉಳಿತಾಯ ಆಗಲಿಲ್ಲ, ನೀರು ವ್ಯರ್ಥವೂ ಆಗಲಿಲ್ಲ.

ತಟ್ಟೆ ಕತ್ತರಿಸಿ ಉಳಿದ ಅಂಚು ರಾಶಿ ರಾಶಿ ಬೀಳುತ್ತದೆ. ಹಾಳೆ ನಾರಿನ ವಸ್ತು, ಬೇಗ ಕೊಳೆಯುವುದಿಲ್ಲ. ಸುಮ್ಮನೆ ರಾಶಿ ಹಾಕಿದ್ದು ಎರಡು ಮಳೆಗಾಲ ಕಳೆದರೂ ಹಾಗೇ ಇತ್ತು. ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ (ಸಿಪಿಸಿಆರ್‌ಐ) ವಿಟ್ಲದ ಕೇಂದ್ರ ಅಡಿಕೆಯ ಸೋಗೆ ಹಾಳೆಗಳಿಂದ ಎರೆಗೊಬ್ಬರ ಮಾಡುವ ಕ್ರಮವನ್ನು ಬಹಳ ಹಿಂದೆಯೇ ರೂಪಿಸಿದೆ: ಚೂರು ಮಾಡು, ಸೆಗಣಿ ನೀರು ಹಾಕಿ ಕೆಲವು ವಾರ ಹದಗೊಳಿಸು, ಆಮೇಲೆ ಯೂಡ್ರಿಲಸ್ ಜಾತಿಯ ಎರೆಹುಳು ಬಿಡು. ಹಾಗೆ ಮಾಡಿದ ಮೇಲೆ ಅಂಚಿನ ರಾಶಿ ಗೊಬ್ಬರವಾಯಿತು. ಹಾಳೆ ಕೊಟ್ಟ ತೋಟದವರಿಗೇ ಆ ಗೊಬ್ಬರದಲ್ಲಿ ಒಂದು ಪಾಲು ಹೋಗುತ್ತದೆ.

ಈ ಪಾಲು ಕೊಡುವ ಕ್ರಮ ನನಗೆ ತುಂಬ ಮುಖ್ಯವಾಗಿ ಕಂಡಿತು. ಬಿದ್ದ ಹಾಳೆ ಪುಕ್ಕಟೆ ಎಂದು ನಾವು ಅಂದುಕೊಳ್ಳುತ್ತೇವೆ. ಅದು ಮರದ ಬುಡದಲ್ಲೇ ಉಳಿದಿದ್ದರೆ ಮಣ್ಣಿಗೆ ಹೊದಿಕೆಯಾಗುತ್ತಿತ್ತು, ಬೇಸಿಗೆಯ ತೇವ ಹಿಡಿಯುತ್ತಿತ್ತು, ಕೊನೆಗೆ ಪೊಟ್ಯಾಷ್ ಮೊದಲಾದ ಸಾರವನ್ನು ವಾಪಸು ಕೊಡುತ್ತಿತ್ತು. ಹಾಳೆಯೊಂದಕ್ಕೆ ಒಂದೆರಡು ರೂಪಾಯಿ ಪಡೆದ ತೋಟದವರು ಆ ಸಾರವನ್ನೂ ಸೇರಿಸಿ ಮಾರಿದ್ದಾರೆ. ತೋಟದ ಲೆಕ್ಕದಲ್ಲಿ ಇದು ಖರ್ಚು. ತಟ್ಟೆಯ ಮೇಲೆ ಹಸಿರು ಎಲೆಯ ಚಿತ್ರ ಅಂಟಿಸುವವರು ಈ ಖರ್ಚನ್ನು ಯಾರಾದರೂ ಬರೆದದ್ದನ್ನು ನಾನು ಕಂಡಿಲ್ಲ.

6. ನಿಷೇಧವಿದ್ದೂ

ಕರ್ನಾಟಕ ಸರಕಾರ 2016ರ ಮಾರ್ಚಿನಲ್ಲಿ ಪ್ಲಾಸ್ಟಿಕ್ಕಿನ ಚೀಲ, ತಟ್ಟೆ, ಲೋಟ, ಚಮಚ, ಥರ್ಮೋಕೋಲ್ ತಟ್ಟೆಗಳನ್ನು ದಪ್ಪ ತೆಳುವೆಂಬ ಭೇದವಿಲ್ಲದೆ ನಿಷೇಧಿಸಿತು. ಕೇಂದ್ರದ ನಿಷೇಧ 2022ರ ಜುಲೈ 1ರಂದು ಜಾರಿಗೆ ಬಂತು. ಎಲೆ, ಹೂವು, ತೊಗಟೆಯಿಂದ ಮಾಡಿದ ತಟ್ಟೆ ಲೋಟಗಳ ಮೇಲಿನ ಜಿಎಸ್‌ಟಿಯನ್ನು 2019ರ ಸೆಪ್ಟೆಂಬರಿನಲ್ಲಿ ನಡೆದ ಮಂಡಳಿಯ ಸಭೆ ಶೇ. 5ರಿಂದ ಸೊನ್ನೆಗೆ ಇಳಿಸಿತು. ಕಾಗದದ ಮೇಲೆ ಎಲ್ಲವೂ ಹಾಳೆ ತಟ್ಟೆಯ ಪರವಾಗಿಯೇ ಇದೆ.

ಹಾಗಿದ್ದೂ ಜಾತ್ರೆಯ ಅನ್ನಸಂತರ್ಪಣೆ ಮುಗಿದ ಗದ್ದೆಯಲ್ಲಿ ಕಾಣುವುದೇನು? ಬೆಳ್ಳಿಯ ಹೊಳಪಿನ ಕಾಗದದ ತಟ್ಟೆ. ಅದರ ಮೇಲ್ಮೈಯಲ್ಲಿರುವುದು ಪ್ಲಾಸ್ಟಿಕ್ಕಿನ ತೆಳು ಪದರ. ಪಾಯಸದ ಕಾಗದದ ಲೋಟದ ಒಳಮೈಗೂ ಅದೇ. ಐಐಟಿ ಖರಗ್‌ಪುರದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಂತಹ ಲೋಟದಲ್ಲಿ 100 ಮಿಲಿಲೀಟರ್ ಬಿಸಿ ದ್ರವ ಹದಿನೈದು ನಿಮಿಷ ಇದ್ದರೆ ಸುಮಾರು 25,000 ಪ್ಲಾಸ್ಟಿಕ್ ಕಣಗಳು ಅದಕ್ಕೆ ಸೇರುತ್ತವೆ ಎಂದು ಕಂಡುಕೊಂಡರು. ಕಾಗದ ಎಂಬ ಹೆಸರಿಗೇ ಜನ ನಂಬಿಕೆ ಇಡುತ್ತಾರೆ. ಬೆಲೆಯಲ್ಲಿ ಅದು ಹಾಳೆ ತಟ್ಟೆಗಿಂತ ಅಗ್ಗ. ಸಾವಿರ ಜನರ ಊಟಕ್ಕೆ ಲೆಕ್ಕ ಹಾಕುವ ಸಮಿತಿಯವರು ಅಗ್ಗದ್ದನ್ನೇ ಆರಿಸುತ್ತಾರೆ, ಅವರನ್ನು ದೂರಿ ಉಪಯೋಗವಿಲ್ಲ.

7. ಕಡಲಾಚೆಯ ಪತ್ರ

2025ರ ಮೇ ತಿಂಗಳಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ತಯಾರಕರಿಗೂ ಆಮದುದಾರರಿಗೂ ಒಂದು ಪತ್ರ ಬರೆಯಿತು. ಅಡಿಕೆ ಹಾಳೆಯ ತಟ್ಟೆಗಳಿಂದ ಅರೆಕೋಲಿನ್ ಮೊದಲಾದ ಆಲ್ಕಲಾಯ್ಡುಗಳು ಆಹಾರಕ್ಕೆ ಇಳಿಯುತ್ತವೆ, ಹಾಗಾಗಿ ಊಟಕ್ಕೆ ಅವುಗಳನ್ನು ಬಳಸಬಾರದು, ಮಾರಬಾರದು ಎಂಬುದು ಅದರ ಸಾರ. ಬಂದರಿನಲ್ಲೇ ಮಾಲು ತಡೆಯುವ ಸೂಚನೆಯೂ ಹೊರಟಿತು.

ನಮ್ಮ ಈ ಘಟಕ ನೇರವಾಗಿ ಅಮೆರಿಕಕ್ಕೆ ಕಳಿಸುತ್ತಿರಲಿಲ್ಲ. ಕಳಿಸುವ ವ್ಯಾಪಾರಿಗೆ ಕೊಡುತ್ತಿತ್ತು. ಆ ವ್ಯಾಪಾರಿ ಫೋನಿನಲ್ಲಿ ಆರ್ಡರು ನಿಲ್ಲಿಸಿದರು. ಮಳೆ ಹಿಡಿಯುವ ಮೊದಲು ಒಣಗಿಸಿಟ್ಟ ಹಾಳೆ ಗೋಡೌನಿನ ಸೂರಿನವರೆಗೆ ಪೇರಿಸಿತ್ತು. ಸಾಲದ ಕಂತು ಇತ್ತು. ಕೆಲಸದ ಹೆಂಗಸರು ವಾರದಲ್ಲಿ ಅರ್ಧ ದಿನ ಬರತೊಡಗಿದರು.

ಹೀಗೆ, ಎಂದೂ ನೋಡದ ದೇಶದ ಒಂದು ಕಾನೂನು ಪುತ್ತೂರಿನ ಅಂಗಳಕ್ಕೆ ಬಂತು. ಆ ಕಾನೂನಿನ ತರ್ಕವನ್ನು ತಿಳಿದುಕೊಳ್ಳಬೇಕು. ಅಮೆರಿಕದಲ್ಲಿ 1958ರಿಂದ ಇರುವ ನಿಯಮದಂತೆ, ಪಾತ್ರೆಯಿಂದ ಆಹಾರಕ್ಕೆ ಇಳಿಯುವ ವಸ್ತುವನ್ನೂ ಆಹಾರಕ್ಕೆ ಸೇರಿಸಿದ ವಸ್ತುವೆಂದೇ ಎಣಿಸುತ್ತಾರೆ. ಅದು ಸುರಕ್ಷಿತ ಎಂದು ಮೊದಲೇ ತೋರಿಸಿಕೊಡುವ ಹೊಣೆ ಮಾರುವವನದು. ಅಪಾಯ ಇದೆ ಎಂದು ಸರಕಾರ ಸಾಧಿಸುವ ತನಕ ಮಾರುತ್ತಿರಬಹುದು ಎಂಬ ಕ್ರಮ ಅಲ್ಲಿಲ್ಲ. ಪುತ್ತೂರಿನ ಘಟಕಕ್ಕೆ ಅಂತಹ ಪುರಾವೆ ಕೊಡುವ ಶಕ್ತಿ ಎಲ್ಲಿಂದ ಬರಬೇಕು?

8. ಕೇಳಿಬಂದ ಎರಡು ಮಾತು

ಪತ್ರದ ಸುದ್ದಿ ಹಬ್ಬಿದಾಗ ಊರಿನಲ್ಲಿ ಎರಡು ಮಾತು ಕೇಳಿಬಂತು. ಮೊದಲನೆಯದು, ಇದು ಪ್ಲಾಸ್ಟಿಕ್ ಕಂಪೆನಿಗಳ ಪಿತೂರಿ. ಎರಡನೆಯದು, ನಮ್ಮ ಅಜ್ಜಿಯಂದಿರು ಮಕ್ಕಳನ್ನು ಮೀಯಿಸಿದ್ದೇ ಹಾಳೆಯ ಮೇಲೆ, ಯಾರಿಗೆ ಏನಾಯಿತು?

ಎರಡರ ಹಿಂದೆಯೂ ನಿಜವಾದ ನೋವಿದೆ. ಆದರೆ ಎರಡೂ ಉತ್ತರವಾಗುವುದಿಲ್ಲ. ಪಿತೂರಿಯ ಮಾತಿಗೆ ಆಧಾರ ಕಾಣುವುದಿಲ್ಲ, ಅದನ್ನು ಬಿಡೋಣ. ಎರಡನೆಯ ಮಾತನ್ನು ನಾನು ಬಹಳ ಹೊತ್ತು ಯೋಚಿಸಿದೆ. ತಲೆಮಾರುಗಳ ಬಳಕೆ ಸಣ್ಣ ಸಾಕ್ಷಿಯಲ್ಲ. ಆದರೆ ತಲೆಮಾರುಗಳ ಕಾಲ ನಾವು ಅಡಿಕೆಯನ್ನೂ ಅಗಿದಿದ್ದೇವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಒಂದನೆಯ ಗುಂಪಿಗೆ ಸೇರಿಸಿದೆ. 2020ರ ಸಭೆಯಲ್ಲಿ ಅಡಿಕೆಯಲ್ಲಿರುವ ಅರೆಕೋಲಿನ್ ಅನ್ನು 2ಬಿ ಗುಂಪಿಗೆ, ಎಂದರೆ ಕ್ಯಾನ್ಸರ್ ತರುವ ಸಾಧ್ಯತೆ ಇರುವ ವಸ್ತುಗಳ ಗುಂಪಿಗೆ, ಸೇರಿಸಿತು. ಆ ಗುಂಪುಗಳು ಹೇಳುವುದು ಪುರಾವೆ ಎಷ್ಟು ಗಟ್ಟಿ ಎಂಬುದನ್ನು. ಎಷ್ಟು ಪ್ರಮಾಣಕ್ಕೆ ಎಷ್ಟು ಅಪಾಯ ಎಂಬುದನ್ನು ಅವು ಹೇಳುವುದಿಲ್ಲ.

ಇನ್ನೊಂದು ವ್ಯತ್ಯಾಸವನ್ನೂ ಗಮನಿಸಬೇಕು. ಅಜ್ಜಿ ಹಾಳೆಯನ್ನು ಬಳಸಿದ್ದು ಮೀಯಿಸಲು, ಬೀಸಲು, ತಲೆಗೆ ಇಡಲು. ಊಟಕ್ಕೆ ನಿತ್ಯ ಹಾಸುತ್ತಿದ್ದುದು ಬಾಳೆಲೆ. ಬಯಲುಸೀಮೆಯಲ್ಲಾದರೆ ಮುತ್ತುಗದೆಲೆ. ಕುದಿಯುವ ಸಾರು, ಹುಳಿ, ತುಪ್ಪ, ಎಣ್ಣೆ ಇವು ಹಾಳೆಯ ಮೇಲೆ ಅರ್ಧ ಗಂಟೆ ನಿಂತರೆ ಏನು ಇಳಿಯುತ್ತದೆ ಎಂಬುದು ಹೊಸ ಬಳಕೆಯಿಂದ ಹುಟ್ಟಿದ ಹೊಸ ಪ್ರಶ್ನೆ. ಹೊಸ ಪ್ರಶ್ನೆಗೆ ಹಳೆಯ ನೆನಪಿನಿಂದ ಉತ್ತರ ಹೇಳಲಾಗದು.

9. ಮೈಲುತುತ್ತಿನ ನೀಲಿ

ಒಡತಿ ಸ್ವತಃ ಒಂದು ಸಂಗತಿಯನ್ನು ತೋರಿಸಿದರು. ಕೆಲವು ಹಾಳೆಗಳ ಹೊರಮೈಯಲ್ಲಿ ತಿಳಿನೀಲಿ ಚುಕ್ಕೆಗಳು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದದ್ದರ ಗುರುತು: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಗೊನೆಗೆ ಹೊಡೆದದ್ದು ಹಾಳೆಯ ಮೇಲೂ ಇಳಿಯುತ್ತದೆ.

ಇಂತಹ ಹಾಳೆಯನ್ನು ಅವರು ತಟ್ಟೆಗೆ ತೆಗೆದುಕೊಳ್ಳುವುದಿಲ್ಲ. ಹಾಳೆಯನ್ನು ಯಾವ ತೋಟದಿಂದ ತಂದದ್ದು, ಕೊನೆಯ ಸಿಂಪಡಣೆ ಯಾವಾಗ ಆಯಿತು ಎಂದು ಕೇಳಿ ಕಟ್ಟಿಗೆ ಚೀಟಿ ಹಚ್ಚಿಡುತ್ತಾರೆ. ನೀಲಿ ಕಂಡದ್ದನ್ನು ಬೇರ್ಪಡಿಸಿ ತೋಟಕ್ಕೆ ವಾಪಸು ಮಾಡುತ್ತಾರೆ. ಹಾಗೆ ಬಿಡುವುದರಿಂದ ಸರಕು ಕಡಿಮೆಯಾಗುತ್ತದೆ, ಖರ್ಚು ಹೆಚ್ಚಾಗುತ್ತದೆ. ಕೇಳುವ ಅಧಿಕಾರಿ ಯಾರೂ ಇಲ್ಲ, ಬಹುಮಾನವೂ ಇಲ್ಲ. ತಾನು ಮಾರುವ ವಸ್ತುವಿನಲ್ಲಿ ಏನಿದೆ ಎಂದು ತಿಳಿದುಕೊಳ್ಳುವ ಈ ಆಸ್ಥೆ ಸಣ್ಣ ಉದ್ಯಮದ ನಿಜವಾದ ಬಂಡವಾಳ. ಇದನ್ನು ನೋಡಿದ ಮೇಲೆಯೇ, ಪರೀಕ್ಷೆ ಎಂಬ ಮಾತಿಗೆ ಇವರು ಹೆದರುವವರಲ್ಲ ಎಂಬುದು ನನಗೆ ಖಚಿತವಾಯಿತು. ಅವರಿಗಿರುವ ತೊಂದರೆ ಪರೀಕ್ಷೆಯ ಖರ್ಚಿನದು.

10. ದೂರ ಹೋದಷ್ಟೂ

ರಫ್ತಿನ ಕಟ್ಟನ್ನು ಒಮ್ಮೆ ಬಿಚ್ಚಿ ನೋಡಿದೆ. ಹತ್ತು ಹಾಳೆ ತಟ್ಟೆಗೆ ಮೈಗಂಟುವ ಪ್ಲಾಸ್ಟಿಕ್ ಹೊದಿಕೆ, ಅದರ ಮೇಲೆ ಬಣ್ಣದ ಲೇಬಲ್ಲು, ತೇವ ಹೀರುವ ಪುಡಿಯ ಪೊಟ್ಟಣ, ರಟ್ಟಿನ ಪೆಟ್ಟಿಗೆ. ಪೆಟ್ಟಿಗೆಗಳ ಕೆಳಗೆ ಮರದ ಪ್ಯಾಲೆಟ್ಟು. ಅಂತರರಾಷ್ಟ್ರೀಯ ನಿಯಮದಂತೆ ಆ ಮರವನ್ನು 56 ಡಿಗ್ರಿ ಶಾಖದಲ್ಲಿ ಅರ್ಧ ಗಂಟೆ ಕಾಯಿಸಿರಬೇಕು, ಇಲ್ಲವೇ ಮೀಥೈಲ್ ಬ್ರೋಮೈಡ್ ಹೊಗೆ ಹಾಕಿರಬೇಕು. ಆ ಹೊಗೆ ಓಝೋನ್ ಪದರಕ್ಕೆ ಹಾನಿ ಮಾಡುವಂತಹದು; 1987ರ ಮಾಂಟ್ರಿಯಲ್ ಒಪ್ಪಂದದ ಪಟ್ಟಿಗೆ ಆಮೇಲೆ ಸೇರಿತು, ಸಾಗಣೆಯ ಇಂತಹ ಕೀಟ ತಡೆಯ ಬಳಕೆಗೆ ವಿನಾಯಿತಿ ಉಳಿಯಿತು.

ಅದೇ ತಟ್ಟೆ ಮೂರು ಮೈಲಿ ದೂರದ ದೇವಸ್ಥಾನದ ಬ್ರಹ್ಮಕಲಶಕ್ಕೆ ಜೀಪಿನಲ್ಲಿ ಹೋದರೆ ಇದಾವುದೂ ಬೇಡ. ಊಟವಾದ ಮೇಲೆ ಗುಂಡಿಗೆ ಹೋಗುತ್ತದೆ, ಗುಂಡಿಯಿಂದ ತೋಟಕ್ಕೆ ಹೋಗುತ್ತದೆ. ವಸ್ತು ಒಂದೇ. ಒಂದು ಕಡೆ ಹೆಜ್ಜೆಹೆಜ್ಜೆಗೂ ಹೊಸ ಹೊರೆ, ಇನ್ನೊಂದು ಕಡೆ ಹೊರೆಯೇ ಇಲ್ಲ.

ತಟ್ಟೆಯನ್ನು ಕೈಯಲ್ಲಿ ಹಿಡಿದು ಇದು ಪರಿಸರಸ್ನೇಹಿ ಹೌದೋ ಅಲ್ಲವೋ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ ಎಂದು ಈಗ ಅನ್ನಿಸುತ್ತದೆ. ಅದು ಎಲ್ಲಿಂದ ಬಂತು, ಎಷ್ಟು ದೂರ ಹೋಯಿತು, ಯಾವ ಕಾಲದಲ್ಲಿ ಬಳಕೆಯಾಯಿತು, ಕೊನೆಗೆ ಯಾವ ಮಣ್ಣಿಗೆ ಸೇರಿತು ಎಂದು ಕೇಳಬೇಕು.

11. ಸ್ಟೀಲು ತಟ್ಟೆಗಳು

ಆರ್ಡರು ನಿಂತ ವರ್ಷ ಘಟಕದ ಒಂದು ಮೂಲೆಯಲ್ಲಿ ಸ್ಟೀಲು ತಟ್ಟೆಗಳ ಅಡುಕು ಬಂತು. ನೋಡಿ ಅಚ್ಚರಿಪಟ್ಟೆ. ಎಸೆಯುವ ತಟ್ಟೆ ಮಾಡಿ ಬದುಕುವವರು ತೊಳೆದು ಬಳಸುವ ತಟ್ಟೆಯನ್ನು ಬಾಡಿಗೆಗೆ ಕೊಡುವುದೆಂದರೆ ತಮ್ಮ ಗಿರಾಕಿಯನ್ನು ತಾವೇ ಕಳೆದುಕೊಂಡಂತೆ ಅಲ್ಲವೇ?

ಅವರ ಲೆಕ್ಕ ಬೇರೆ ಇತ್ತು. ಜನವರಿಯಿಂದ ಮೇ ತನಕ ಮದುವೆ, ಜಾತ್ರೆ, ಬ್ರಹ್ಮಕಲಶ. ಅದೇ ಹೊತ್ತಿಗೆ ಬಾವಿಯ ನೀರು ತಳ ಕಾಣುತ್ತದೆ. ಸಾವಿರ ಸ್ಟೀಲು ತಟ್ಟೆ ತೊಳೆಯಲು ಟ್ಯಾಂಕರು ತರಿಸಬೇಕು. ಹಾಳೆಯಾದರೋ ಆಗಲೇ ಒಣಗಿ ಗರಿಗರಿಯಾಗಿರುತ್ತದೆ. ಮಳೆ ಹಿಡಿದ ಮೇಲೆ ನೀರಿಗೆ ಬರವಿಲ್ಲ, ಹಾಳೆಗೆ ಬೂಷ್ಟಿನ ಭಯ. ಆಗಿನ ತಿಥಿ, ಸೀಮಂತ, ಗಣೇಶೋತ್ಸವಗಳಿಗೆ ಸ್ಟೀಲು ತಟ್ಟೆ ಸರಿ. ತೊಳೆಯುವ ಕೆಲಸಕ್ಕೆ ಪ್ರೆಸ್ಸಿನ ಹೆಂಗಸರೇ ಹೋಗುತ್ತಾರೆ. ಮಳೆಗಾಲದಲ್ಲಿ ಖಾಲಿಯಿರುತ್ತಿದ್ದ ಅವರ ಕೈಗೆ ಕೂಲಿ ಸಿಗುತ್ತದೆ.

ಬೆಂಗಳೂರಿನಲ್ಲಿ ಅದಮ್ಯ ಚೇತನ ಸಂಸ್ಥೆಯ ಪ್ಲೇಟ್ ಬ್ಯಾಂಕ್ ಸಮಾರಂಭಗಳಿಗೆ ಸ್ಟೀಲು ತಟ್ಟೆ ಕೊಡುತ್ತ ಬಂದಿದೆ. ನಗರದಲ್ಲಿ ಅದು ಕಸದ ಸಮಸ್ಯೆಗೆ ಉತ್ತರ. ಈ ಹಳ್ಳಿಯಲ್ಲಿ ಅದಕ್ಕೆ ಋತುವಿನ ಲೆಕ್ಕವೂ ಸೇರಿತು. ನಾನು ಕಂಡ ಎಲ್ಲ ಪ್ರಯತ್ನಗಳಲ್ಲಿ ಇದು ಅತ್ಯಂತ ಬುದ್ಧಿವಂತಿಕೆಯದು. ಮುರಿದುಬಿದ್ದ ವ್ಯಾಪಾರದಿಂದ ಹುಟ್ಟಿದ್ದು ಎಂಬುದಕ್ಕಾಗಿ ಇನ್ನಷ್ಟು ಗೌರವಕ್ಕೆ ಅರ್ಹವಾದದ್ದು.

12. ಯಾರ ಕೆಲಸ?

ಭಾರತೀಯ ಮಾನಕ ಬ್ಯೂರೋ ಕೃಷಿಯ ಉಪವಸ್ತುಗಳಿಂದ ಮಾಡಿದ ಊಟದ ಪಾತ್ರೆಗಳಿಗೆಂದೇ 2023ರಲ್ಲಿ ಐಎಸ್ 18267 ಎಂಬ ಮಾನದಂಡ ತಂದಿತು. ಎಲೆ, ಹಾಳೆಗಳನ್ನು ಬಳಸಿ, ರಾಸಾಯನಿಕ, ರಾಳ, ಅಂಟುಗಳನ್ನು ಸೇರಿಸದೆ ಮಾಡಬೇಕು ಎಂದು ಅದು ಹೇಳುತ್ತದೆ. ಒಳ್ಳೆಯ ಹೆಜ್ಜೆ. ಆದರೆ 2025ರಲ್ಲಿ ಎದ್ದ ಪ್ರಶ್ನೆ ಹೊರಗಿನಿಂದ ಸೇರಿಸಿದ ವಸ್ತುವಿನದಲ್ಲ, ಹಾಳೆಯ ಒಳಗೇ ಇರುವುದರದು. ಅದಕ್ಕೆ ಪ್ರಯೋಗಾಲಯ ಬೇಕು.

ಪ್ರಯೋಗಾಲಯಗಳು ನಮ್ಮಲ್ಲಿಯೇ ಇವೆ. ಎರೆಗೊಬ್ಬರದ ಕ್ರಮ ರೂಪಿಸಿದ ವಿಟ್ಲದ ಅಡಿಕೆ ಸಂಶೋಧನಾ ಕೇಂದ್ರ 1956ರಿಂದ ಇದೆ. ಆ ಕೇಂದ್ರದಿಂದ ಈ ಘಟಕಕ್ಕೆ ಬಸ್ಸಿನಲ್ಲಿ ಹೋಗಿಬರಬಹುದು. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) 1950ರಿಂದ ಇದೆ, ಆಹಾರದ ಪ್ಯಾಕೇಜಿಂಗ್ ಪರೀಕ್ಷೆಗೆಂದೇ ಅಲ್ಲಿ ವಿಭಾಗವಿದೆ. ಮಾಡಬೇಕಾದ ಪರೀಕ್ಷೆಗಳ ಪಟ್ಟಿಯನ್ನು ಒಡತಿಯೇ ಹೇಳಬಲ್ಲರು: ಕರಾವಳಿಯ ಹಾಳೆ, ಮಲೆನಾಡಿನ ಹಾಳೆ, ಬಯಲುಸೀಮೆಯ ಹಾಳೆಗಳಲ್ಲಿ ಅರೆಕೋಲಿನ್ ಎಷ್ಟು? ನೆನೆಹಾಕಿ ತೊಳೆದರೆ ಎಷ್ಟು ಹೋಗುತ್ತದೆ? ನೀರನ್ನು ಎರಡು ಸಲ ಬದಲಿಸಿದರೆ? ಡೈಯ ಶಾಖಕ್ಕೆ ಏನಾಗುತ್ತದೆ? ಬಿಸಿ ಸಾರಿಗೆ, ಮೊಸರಿಗೆ, ಒಣ ತಿಂಡಿಗೆ ಇಳಿಯುವುದು ಎಷ್ಟೆಷ್ಟು? ಮೈಲುತುತ್ತಿನ ತಾಮ್ರದ ಅಂಶ ಉಳಿದಿದೆಯೇ? ಉತ್ತರ ಹಾಳೆಯ ಪರವಾಗಿ ಬಂದರೆ ಧೈರ್ಯವಾಗಿ ಮಾರಲಿ. ಒಣ ತಿಂಡಿಗೆ ಮಾತ್ರ ಸರಿ ಎಂದು ಬಂದರೆ ಹಾಗೆಂದು ತಟ್ಟೆಯ ಮೇಲೆ ಅಚ್ಚು ಹಾಕಲಿ. ವಿರುದ್ಧ ಬಂದರೆ ಘಟಕಗಳು ಬೇರೆ ಎಲೆಗೆ, ಬೇರೆ ವಸ್ತುವಿಗೆ ತಿರುಗಲು ಸರಕಾರ ಸಾಲದ ಭಾರ ಇಳಿಸಲಿ.

ಇಂತಹ ಕೆಲಸ ಈ ನಾಡಿಗೆ ಹೊಸದಲ್ಲ. ಕೊಳೆರೋಗ ತೋಟಗಳನ್ನು ಹಾಳು ಮಾಡುತ್ತಿದ್ದಾಗ ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್‌ಮನ್ ಅದನ್ನು ಅಧ್ಯಯನ ಮಾಡಿ 1910ರಲ್ಲಿ ಬರೆದರು, ಬೋರ್ಡೋ ದ್ರಾವಣದ ದಾರಿಯನ್ನು ಬೆಳೆಗಾರರಿಗೆ ತೋರಿಸಿದರು. ಬೆಳೆಗಾರನೇ ಹಣ ಕೊಟ್ಟು ಸಂಶೋಧನೆ ಮಾಡಿಸಿಕೊಳ್ಳಲಿ ಎಂದು ಸಂಸ್ಥಾನ ಕೈಕಟ್ಟಿ ಕೂರಲಿಲ್ಲ. ಇಂದಿನ ಸಂಸ್ಥೆಗಳಿಗೆ ಅಂದಿಗಿಂತ ನೂರು ಪಟ್ಟು ಉಪಕರಣಗಳಿವೆ.

ಪ್ಲಾಸ್ಟಿಕ್ ತಟ್ಟೆ ಬೇಡ ಎಂದು ಆದೇಶಿಸಿದ ಸರಕಾರವೇ ಪರ್ಯಾಯವನ್ನು ಹುಡುಕಲು ಜನರನ್ನು ಕಳಿಸಿದ್ದು. ಪ್ರಧಾನಮಂತ್ರಿ ಉದ್ಯೋಗ ಸೃಜನ ಯೋಜನೆಯಂತಹವುಗಳಡಿ ಸಬ್ಸಿಡಿ ಕೊಟ್ಟು ಪ್ರೆಸ್ಸು ಕೊಳ್ಳಿಸಿದ್ದೂ ಅದೇ. ಆ ಪರ್ಯಾಯದ ಸುರಕ್ಷತೆಯನ್ನು ಪರೀಕ್ಷಿಸಿ, ಫಲಿತಾಂಶವನ್ನು ಕನ್ನಡದಲ್ಲಿ ಎಲ್ಲರಿಗೂ ತಿಳಿಯುವಂತೆ ಪ್ರಕಟಿಸುವ ಖರ್ಚನ್ನು ಐದು ಡೈಗಳ ಒಂದು ಘಟಕದ ಮೇಲೆ ಹೊರಿಸುವುದು ಅನ್ಯಾಯ. ವಿಟ್ಲ ಮತ್ತು ಮೈಸೂರಿನ ಸಂಸ್ಥೆಗಳು ಸರಕಾರದ ಹಣದಲ್ಲಿ, ಮುಂದಿನ ಹಾಳೆ ಆರಿಸುವ ಕಾಲಕ್ಕೆ ಮೊದಲೇ, ಈ ಕೆಲಸ ಕೈಗೆತ್ತಿಕೊಳ್ಳಬೇಕು.